ನರಿ ಹೆಂಡತಿಯನ್ನು ಮೂರು ಸಲ ಕೊಂಡೆ

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಅಚ್ಚಿನ ಪುಸ್ತಕ. ಯಾಂಗ್ಸೀ ಚೂ ಅವರ ‘ದಿ ಫಾಕ್ಸ್ ವೈಫ್’ (2024) ಕಾದಂಬರಿಯನ್ನು ಆಡಿಯೊದಲ್ಲಿ ಕೇಳಿದೆ, ಇ-ಬುಕ್ಕಿನಲ್ಲಿ ಓದಿದೆ, ಕೊನೆಗೆ ಸೋತು ಪೇಪರ್‌ಬ್ಯಾಕ್ ತರಿಸಿದೆ. ಒಂದೇ ಕಥೆಗೆ ಮೂರು ಸಲ ದುಡ್ಡು ಸುರಿದವಳ ಮಾತಿದು.

ಕಥೆ 1908ರ ಮಂಚೂರಿಯಾದ್ದು, ಅಂದರೆ ಚೀನಾದ ಈಶಾನ್ಯ ಭಾಗದ್ದು. ಚೀನಾವನ್ನು ಆಳುತ್ತಿದ್ದ ಚಿಂಗ್ ಸಾಮ್ರಾಜ್ಯ ಬೀಳಲು ಇನ್ನು ನಾಲ್ಕೇ ವರ್ಷ. ರಷ್ಯಾ-ಜಪಾನ್ ಯುದ್ಧ ಮುಗಿದು ಡಾಲಿಯನ್ ಬಂದರು ಜಪಾನಿನವರ ಕೈ ಸೇರಿದೆ. ನಾಯಕಿ ಒಂದು ಹೆಣ್ಣು ನರಿ, ಹೆಸರು ಸ್ನೋ. ತನ್ನ ಮಗುವಿನ ಸಾವಿಗೆ ಕಾರಣನಾದ ಫೋಟೋಗ್ರಾಫರನನ್ನು ಹುಡುಕುತ್ತಾ ಮನುಷ್ಯರ ರೂಪದಲ್ಲಿ ಬಂದವಳು ಔಷಧಿ ಅಂಗಡಿಯವರ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ನಮ್ಮಲ್ಲಿ ಬೆಳಿಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ. ಚೀನಾದ ಜನಪದದಲ್ಲಿ ನರಿಹೆಣ್ಣಿನ ಮುಖ ನೋಡಿದ ಗಂಡಸು ಕೆಟ್ಟ. ಅಲ್ಲಿನ ಕಥೆಗಾರ ಪೂ ಸೋಂಗ್‌ಲಿಂಗ್ 17ನೇ ಶತಮಾನದಲ್ಲೇ ಒಳ್ಳೆಯ ನರಿಹೆಣ್ಣುಗಳ ಕಥೆ ಬರೆದಿದ್ದಾನೆ, ನಿಜ. ಆದರೆ ಅಲ್ಲಿ ಕಥೆ ಸಾಮಾನ್ಯವಾಗಿ ಮನಸೋತ ಗಂಡಸಿನ ಬೆನ್ನು ಹಿಡಿದು ಹೋಗುತ್ತದೆ. ಇಲ್ಲಿ ನರಿಯೇ ‘ನಾನು’ ಎನ್ನುತ್ತಾಳೆ.

ಅವಳದೊಂದು ಅಧ್ಯಾಯವಾದರೆ, ಬಾವೊ ಎಂಬ ವಯಸ್ಸಾದ ಪತ್ತೇದಾರನದೊಂದು. ಯಾರಾದರೂ ಸುಳ್ಳು ಹೇಳಿದರೆ ಅವನ ಕಿವಿಗೆ ಗೊತ್ತಾಗಿಬಿಡುತ್ತದೆ. ಅವಳು ಮುಚ್ಚಿಡುವವಳು, ಇವನು ಹಿಡಿಯುವವನು. ಇವನ ಕಡೆ ಏನೋ ಗೊತ್ತಾದ ತಕ್ಷಣ ‘ಅರೆ, ಅವಳು ಇದನ್ನು ಬೇರೆ ಥರ ಹೇಳಿದ್ದಳಲ್ಲ?’ ಎಂದು ಹಿಂದಕ್ಕೆ ಓಡಬೇಕೆನಿಸುತ್ತದೆ. ನನ್ನ ಇಡೀ ಹೋಲಿಕೆ ನಿಂತಿರುವುದು ಈ ಓಟದ ಮೇಲೆ.

ಆಡಿಯೊ ಕೇಳಿದ್ದು ಮೆಟ್ರೊದಲ್ಲಿ, ಉಳಿದಿದ್ದು ಅಡುಗೆಮನೆಯಲ್ಲಿ. ಲೇಖಕಿಯೇ ಓದಿದ್ದಾರೆ, ಸೊಗಸಾಗಿ ಓದಿದ್ದಾರೆ. ಚೀನೀ ಹೆಸರುಗಳನ್ನು ನಾನು ಹೇಗೆಲ್ಲ ಕೊಲ್ಲುತ್ತಿದ್ದೆನೋ, ಅದು ತಪ್ಪಿತು. ಆದರೆ ಕೈಯೆಲ್ಲ ದೋಸೆ ಹಿಟ್ಟಾಗಿರುವಾಗ ಹಿಂದಿನ ಮಾತು ಬೇಕೆನಿಸಿದರೆ ಏನು ಮಾಡುವುದು? ಮೊಣಕೈಯಲ್ಲಿ ಒತ್ತಿದೆ, ಮೂರು ಅಧ್ಯಾಯ ಮುಂದೆ ಹಾರಿತು.

ಸರಿ, ಹುಡುಕುವ ಸೌಲಭ್ಯ ಇರುತ್ತದಲ್ಲ ಎಂದು ರಿಯಾಯಿತಿಯಲ್ಲಿ ಸಿಕ್ಕ ಇ-ಬುಕ್ ಕೊಂಡೆ. ಕಷ್ಟ ಶುರುವಾಗಿದ್ದೇ ಇಲ್ಲಿ. ನಾಯಕಿ ತನ್ನ ಹೆಸರಿನ ಬಗ್ಗೆ ಏನೋ ಹೇಳಿದ್ದಳಲ್ಲ ಎಂದು ‘ಸ್ನೋ’ ಅಂತ ಹುಡುಕಿದೆ. ಮಂಚೂರಿಯಾದ ಚಳಿಗಾಲ! ಅಂಗಳದಲ್ಲಿ ಸ್ನೋ, ಬೀದಿಯಲ್ಲಿ ಸ್ನೋ, ಬೂಟಿಗೆ ಮೆತ್ತಿದ ಸ್ನೋ. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದ ನನ್ನ ಇ-ರೀಡರಿಗಿಲ್ಲ. ಅದಕ್ಕಿಂತ ತಮಾಷೆ, ಅವಳು ತನ್ನ ಕಥೆಯನ್ನು ತಾನೇ ಹೇಳುತ್ತಿರುವುದರಿಂದ ಅವಳ ಹೆಸರು ಬರುವುದೇ ಅಪರೂಪ. ಸಿಕ್ಕಿದ್ದೆಲ್ಲ ಹವಾಮಾನ ವರದಿ.

ಬಿಡಲಿಲ್ಲ. ಮನುಷ್ಯರ ನಡುವೆ ಅವಳ ಹೆಸರು ಆ ಸ್ಯಾನ್, ಮೂರನೆಯವಳು ಎಂದರ್ಥ. ‘ಸ್ಯಾನ್’ ಎಂದು ಹುಡುಕಿದೆ. ಅದೋ ‘ಥೌಸಂಡ್’ ಎಂಬುದರ ಸ್ಪೆಲಿಂಗಿನ ಹೊಟ್ಟೆಯೊಳಗೂ ಕೂತಿದೆ. ಈ ಕಾದಂಬರಿಯ ನರಿಗಳೋ ಸಾವಿರ ವರ್ಷದ ಸಾಧನೆಗೆ ಹೊರಟವು! ಸಾವಿರದ ಮಾತು ಬಂದಲ್ಲೆಲ್ಲ ನನ್ನನ್ನು ಎಳೆದುಕೊಂಡು ಹೋಯಿತು. ಹತ್ತೂವರೆಗೆ ದೀಪ ಆರಿಸಬೇಕಾದವಳು ಹನ್ನೆರಡರವರೆಗೆ ಹಾಸಿಗೆಯಲ್ಲಿ ಕೂತು ಹಿಮ ಎಣಿಸಿದೆ. ಪಕ್ಕದಲ್ಲಿ ಮಲಗಿದ್ದವರು ಎದ್ದು, “ಸಿಕ್ಕಳಾ ನಿನ್ನ ನರಿ?” ಅಂದರು. ನಾನು ಉತ್ತರ ಕೊಡಲಿಲ್ಲ.

ಕಷ್ಟದ ಪದ ಒತ್ತಿದರೆ ಅರ್ಥ ಬರುತ್ತದೆ, ಅದೊಂದು ಒಳ್ಳೆಯದು.

ಪೇಪರ್‌ಬ್ಯಾಕ್ ಹತ್ತಿರ ಹತ್ತಿರ 400 ಪುಟ. ಅಕ್ಷರ ಸಣ್ಣದು, ಮಲಗಿ ಓದಿದರೆ ಮಣಿಕಟ್ಟು ನೋಯುತ್ತದೆ. ಆದರೆ ‘ಎಡಗಡೆ ಪುಟ, ಕೆಳಗೆ, ಕಾಫಿ ಕಲೆಯ ಹತ್ತಿರ’ ಎಂದು ನನ್ನ ಕಣ್ಣಿಗೆ ನೆನಪಿರುತ್ತದೆ. ಬಾವೊನ ಪುಟದಲ್ಲಿ ಒಂದು ಬೆರಳು, ಸ್ನೋಳ ಪುಟದಲ್ಲಿ ಇನ್ನೊಂದು ಇಟ್ಟುಕೊಂಡು ಓದಿದೆ. ಅವಳ ಮಾತಿನಲ್ಲಿ ಸಂಶಯ ಬಂದ ಕಡೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಅರ್ಧ ಪುಸ್ತಕಕ್ಕೆ ಹನ್ನೊಂದು ಚುಕ್ಕೆಗಳಾದವು. ಅದರಲ್ಲಿ ಏಳು ನನ್ನದೇ ಅನುಮಾನ, ಅವಳ ತಪ್ಪೇನೂ ಇರಲಿಲ್ಲ. ನರಿಹೆಣ್ಣು ಎಂದೊಡನೆ ಸುಳ್ಳಿಯೂ ಇರಬೇಕು ಎಂದುಕೊಂಡಿದ್ದೆ ನೋಡಿ. ರಬ್ಬರ್ ತಂದು ಅಳಿಸಿದೆ.

ಬೆಲೆ? ಇಬ್ಬರು ಹೋಟೆಲಿಗೆ ಹೋಗಿ ಊಟ ಮಾಡಿಬಂದಷ್ಟು. ಆಡಿಯೊದ ತಿಂಗಳ ಚಂದಾ ನಿಲ್ಲಿಸಿದ್ದರಿಂದ ಅದು ಸರಿಹೋಯಿತು. ದಿನಕ್ಕೆರಡು ಗಂಟೆ ಬಸ್ಸಿನಲ್ಲಿ ನಿಂತು ಹೋಗುವವರಾದರೆ ಆಡಿಯೊ ಕೇಳಿ, ಬೇಡ ಅನ್ನುವುದಿಲ್ಲ. ನನ್ನದು ಒಂದು ಕಥೆಯನ್ನು ಎರಡು ಸಲ ಓದಿ, ಆಮೇಲೆ ನಾದಿನಿಗೆ ಕೊಟ್ಟು, ಅವಳು ಮುಗಿಸುವ ತನಕ ಫೋನಿನಲ್ಲಿ ಕಾಡುವ ಜಾಯಮಾನ. ಪುಸ್ತಕ ಈಗ ಅವಳ ಹತ್ತಿರವೇ ಇದೆ. “ಅತ್ತಿಗೆ, ಇಲ್ಲಿ ಪೆನ್ಸಿಲ್ ಚುಕ್ಕೆ ಯಾಕಿದೆ?” ಎಂದು ನಿನ್ನೆ ಕೇಳಿದಳು. ಉಳಿಸಿದ್ದ ನಾಲ್ಕರಲ್ಲಿ ಒಂದು. “ಮುಂದೆ ಓದು” ಅಂದೆ.