ಆಂಟಿಗಾದಲ್ಲಿ ದೋಣಿ ಎಲ್ಲಿ ನಿಲ್ಲಿಸಬೇಕು? ಫಾಲ್ಮತ್, ನೆಲ್ಸನ್ಸ್ ಡಾಕ್‌ಯಾರ್ಡ್, ಜಾಲಿ ಹಾರ್ಬರ್

ಕೆರಿಬಿಯನ್ ದ್ವೀಪ ಆಂಟಿಗಾದಲ್ಲಿ ವಾರದ ಮಟ್ಟಿಗೆ ಹಾಯಿದೋಣಿ ಬಾಡಿಗೆಗೆ ಹಿಡಿಯುವವರಿಗೆ ನನ್ನ ಮಾತು ಇಷ್ಟೇ: ಫಾಲ್ಮತ್ ಹಾರ್ಬರ್‌ನಲ್ಲಿ ಲಂಗರು ಹಾಕಿ, ಡಿಂಗಿಯಲ್ಲಿ (ಜೊತೆಗಿರುವ ಪುಟ್ಟ ದೋಣಿ) ದಡ ಸೇರಿ, ನೆಲ್ಸನ್ಸ್ ಡಾಕ್‌ಯಾರ್ಡನ್ನು ಕಾಲ್ನಡಿಗೆಯಲ್ಲಿ ನೋಡಿ ಬನ್ನಿ. ನೀರು ತುಂಬಿಸಲು, ದಿನಸಿ ತರಲು, ಏನಾದರೂ ಕೆಟ್ಟರೆ ರಿಪೇರಿ ಮಾಡಿಸಲು ಜಾಲಿ ಹಾರ್ಬರ್‌ನಲ್ಲಿ ಒಂದು ರಾತ್ರಿ ದುಡ್ಡು ಕೊಟ್ಟು ನಿಲ್ಲಿ. ಡಾಕ್‌ಯಾರ್ಡಿನ ಕಲ್ಲಿನ ದಕ್ಕೆಗೇ ದೋಣಿ ಕಟ್ಟುವ ಆಸೆ ಮಾತ್ರ, ಹಗ್ಗ ಹಿಡಿಯಬಲ್ಲವರು ಇಬ್ಬರೇ ಇದ್ದರೆ, ಬಿಟ್ಟುಬಿಡಿ. ಮೂರೂ ಕಡೆ ನಿಂತು ನೋಡಿದ ಮೇಲೆ ಬಂದ ಅಭಿಪ್ರಾಯ ಇದು. ಲೆಕ್ಕವೆಲ್ಲ 40ರಿಂದ 42 ಅಡಿಯ, ಸುಮಾರು 2 ಮೀಟರ್ ನೀರು ಬೇಡುವ ಒಂಟಿ ಒಡಲಿನ ದೋಣಿಗೆ. ಎರಡು ಒಡಲಿನ ಕ್ಯಾಟಮರಾನ್ ಆದರೆ ಎಲ್ಲಿ ಬದಲಾಗುತ್ತದೋ ಅಲ್ಲಿ ಹೇಳುತ್ತೇನೆ.

ಇಂಗ್ಲಿಷ್ ಹಾರ್ಬರ್ ಮತ್ತು ಫಾಲ್ಮತ್ ಹಾರ್ಬರ್ ಎರಡೂ ದ್ವೀಪದ ದಕ್ಷಿಣ ತೀರದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ. ನಡುವಿನ ನೆಲ ಎಷ್ಟು ಕಿರಿದೆಂದರೆ ಹತ್ತು ನಿಮಿಷ ನಡೆದರೆ ಒಂದರಿಂದ ಇನ್ನೊಂದು. ಮುಂದಿನ ಮಾತೆಲ್ಲ ಈ ಹತ್ತು ನಿಮಿಷದ ಮೇಲೆ ನಿಂತಿದೆ. ಜಾಲಿ ಹಾರ್ಬರ್ ಇರುವುದು ಪಶ್ಚಿಮ ತೀರದಲ್ಲಿ, ನೀರಿನ ಮೇಲೆ 12 ನಾಟಿಕಲ್ ಮೈಲಿಯ ಆಸುಪಾಸು.

ಮೊದಲು ಇಂಗ್ಲಿಷ್ ಹಾರ್ಬರ್‌ನೊಳಗಿನ ಡಾಕ್‌ಯಾರ್ಡ್. ಅಂದದಲ್ಲಿ ಅದಕ್ಕೆ ಸಾಟಿ ಇಲ್ಲ, ಅದರಲ್ಲಿ ವಾದವೇ ಬೇಡ. 1720ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆ ಶುರುಮಾಡಿದ ಹಡಗುಕಟ್ಟೆ. ಕಟ್ಟಿದ ದುಡಿಮೆ ಗುಲಾಮರಾಗಿ ತಂದ ಆಫ್ರಿಕನ್ನರದು. ಅದಕ್ಕೆ ಹೆಸರು ಕೊಟ್ಟ ಬ್ರಿಟಿಷ್ ನೌಕಾಸೇನಾನಿ ನೆಲ್ಸನ್ ಇಲ್ಲಿದ್ದದ್ದು 1784ರಿಂದ 1787ರವರೆಗೆ ಮಾತ್ರ. 1889ರಲ್ಲಿ ನೌಕಾಪಡೆ ಬಿಟ್ಟುಹೋದ ಮೇಲೆ ಹಾಳು ಬಿದ್ದಿದ್ದನ್ನು ದುರಸ್ತಿ ಮಾಡಿ 1961ರಲ್ಲಿ ಮತ್ತೆ ತೆರೆದರು. 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಆ ಕಟ್ಟಡಗಳ ನಡುವೆ ದೋಣಿ ನಿಲ್ಲಿಸಿ, ಹಿಂದಿನ ತುದಿಯಿಂದ ಒಂದು ಹೆಜ್ಜೆ ಇಟ್ಟರೆ ಕಲ್ಲುಹಾಸು. ಆಸೆ ಹುಟ್ಟುವುದು ಸಹಜ.

ತೊಡಕು ಎಲ್ಲಿ ಅಂದರೆ, ಇಲ್ಲಿ ದೋಣಿಯನ್ನು ಪಕ್ಕಕ್ಕೆ ತಾಗಿಸಿ ಕಟ್ಟುವಂತಿಲ್ಲ. ಸ್ಕೂಟರ್ ಸ್ಟ್ಯಾಂಡಿನಲ್ಲಿ ಗಾಡಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಎಲ್ಲ ದೋಣಿಗಳೂ ಹಿಂಭಾಗವನ್ನು ದಕ್ಕೆಗೆ ಕೊಟ್ಟು ನಿಲ್ಲುತ್ತವೆ. ಮುಂಭಾಗವನ್ನು ಹಿಡಿದಿಡುವುದು ನಿಮ್ಮದೇ ಲಂಗರು. ಅಂದರೆ ದಕ್ಕೆಯಿಂದ ನಾಲ್ಕೈದು ದೋಣಿಯುದ್ದ, ಸುಮಾರು 50 ಮೀಟರ್ ದೂರದಲ್ಲಿ ಲಂಗರು ಬಿಟ್ಟು, ಸರಪಳಿ ಬಿಡುತ್ತ ಬಿಡುತ್ತ ಹಿಮ್ಮುಖವಾಗಿ ಬರಬೇಕು. ಇಲ್ಲಿ ಒಂದು ಸಣ್ಣ ಗಣಿತವಿದೆ. 1 ನಾಟ್ ವೇಗ ಅಂದರೆ ನಿಮಿಷಕ್ಕೆ ಸುಮಾರು 31 ಮೀಟರ್. ಬಾಡಿಗೆ ದೋಣಿಯ ವಿಂಡ್‌ಲಾಸ್, ಅಂದರೆ ಲಂಗರಿನ ಸರಪಳಿ ಬಿಡುವ, ಎತ್ತುವ ಯಂತ್ರ, ನಿಮಿಷಕ್ಕೆ 20ರಿಂದ 30 ಮೀಟರ್ ಸರಪಳಿ ಬಿಟ್ಟರೆ ಹೆಚ್ಚು. ದೋಣಿ 1 ನಾಟ್‌ನಲ್ಲಿ ಹಿಂದೆ ಹೋದರೂ ಸರಪಳಿ ಬಿಗಿಯಾಗುತ್ತದೆ, ಇನ್ನೂ ಕಚ್ಚದ ಲಂಗರು ಕಿತ್ತುಕೊಂಡು ಹಿಂದೆಯೇ ಬರುತ್ತದೆ. ಹಾಗಂತ ವೇಗ ತೀರ ಇಳಿಸಿದರೆ ಚುಕ್ಕಾಣಿ ಮಾತು ಕೇಳುವುದಿಲ್ಲ, ಅಡ್ಡಗಾಳಿ ಮೂತಿಯನ್ನು ಪಕ್ಕದ ದೋಣಿಯ ಸರಪಳಿಯ ಮೇಲೆ ತಳ್ಳುತ್ತದೆ. ವಿಂಡ್‌ಲಾಸಿನ ಕ್ಲಚ್ ಸಡಿಲಿಸಿ ಸರಪಳಿ ತಾನೇ ಓಡುವಂತೆ ಬಿಡುವುದು ಸರಿಯಾದ ದಾರಿ. ಆದರೆ ಮುಂದೆ ನಿಂತವರಿಗೆ ಕ್ಲಚ್ ಎಷ್ಟು ಬಿಗಿ ಮಾಡಬೇಕೆಂಬ ಅಂದಾಜು ಇರಬೇಕು. ಕೊನೆಯ 10 ಮೀಟರ್‌ನಲ್ಲಿ ಬಿಗಿ ಮಾಡಿದಾಗಲೇ ಲಂಗರು ಕಚ್ಚಿದೆಯೋ ಇಲ್ಲವೋ ಗೊತ್ತಾಗುವುದು. ಕಚ್ಚಿಲ್ಲದಿದ್ದರೆ ಎಲ್ಲ ಎತ್ತಿಕೊಂಡು ಮೊದಲಿನಿಂದ.

ಕೆಲಸಕ್ಕೆ ಬೇಕಾದ ಕೈಗಳನ್ನು ಎಣಿಸಿ: ಚುಕ್ಕಾಣಿಗೆ ಒಬ್ಬರು, ವಿಂಡ್‌ಲಾಸಿಗೆ ಒಬ್ಬರು, ಹಿಂದಿನ ಎರಡು ಹಗ್ಗಕ್ಕೆ ಒಬ್ಬರು, ದೋಣಿ ಬಡಿಯದಂತೆ ಫೆಂಡರ್ (ಗಾಳಿ ತುಂಬಿದ ದಿಂಬು) ಹಿಡಿದು ಓಡಾಡಲು ಇನ್ನೊಬ್ಬರು. ದಕ್ಕೆಯಲ್ಲಿ ಹಗ್ಗ ಹಿಡಿಯುವವರು ಸಿಗುತ್ತಾರೆ, ಅದು ಸಮಾಧಾನ. ಆದರೆ ದೋಣಿಯ ಮೇಲೆ ಇಬ್ಬರೇ ಬಲ್ಲವರು, ಉಳಿದವರು ಮಕ್ಕಳು ಮತ್ತು ಹಿರಿಯರು ಎಂದಾದರೆ ಆ ಹತ್ತು ನಿಮಿಷ ಯಾರಿಗೂ ಸುಖವಿಲ್ಲ. ಕಟ್ಟಿದ ಮೇಲೂ ಹಿಂಭಾಗಕ್ಕೂ ಕಲ್ಲಿಗೂ ನಡುವೆ ಒಂದೂವರೆ ಮೀಟರ್ ಬಿಡಲೇಬೇಕು, ಇಲ್ಲವಾದರೆ ಅಲೆ ಒಳಗೆ ಬಂದಾಗ ಹಿಂದಿನ ತುದಿ ಕಲ್ಲಿಗೆ ಬಡಿಯುತ್ತದೆ. ಆ ಅಂತರ ದಾಟಲು ಹಲಗೆ ಬೇಕು. ಬಾಡಿಗೆ ದೋಣಿಯಲ್ಲಿ ಹಲಗೆ ಇದೆಯೇ ಎಂದು ಹಡಗಿನ ಸಾಮಾನು ಪಟ್ಟಿ ನೋಡುವಾಗಲೇ ಕೇಳಿ.

ಇದೆಲ್ಲಕ್ಕಿಂತ ದೊಡ್ಡ ಕಿರಿಕಿರಿ ನೀರಿನ ಕೆಳಗಿದೆ. ಹಳೆಯ ಯುದ್ಧನೌಕೆಗಳನ್ನು ಕಟ್ಟಲು ಹಾಸಿದ ಭಾರೀ ಸರಪಳಿಗಳು ಇಂಗ್ಲಿಷ್ ಹಾರ್ಬರ್‌ನ ತಳದಲ್ಲಿ ಇನ್ನೂ ಬಿದ್ದಿವೆ. ನಿಮ್ಮ ಲಂಗರು ಅದರ ಕೆಳಗೆ ಸಿಕ್ಕಿಕೊಂಡರೆ ವಿಂಡ್‌ಲಾಸ್ ಎಷ್ಟು ಎಳೆದರೂ ಬಾರದು. ಹೆಚ್ಚು ಎಳೆದರೆ ಮೋಟಾರಿನ ಬ್ರೇಕರ್ ಹಾರುತ್ತದೆ, ಅದಕ್ಕೂ ಮೀರಿದರೆ ಸರಪಳಿ ಹಾಯುವ ಮುಂದಿನ ರೋಲರ್ ಡೊಂಕಾಗುತ್ತದೆ. ಬಾಡಿಗೆ ದೋಣಿಯಲ್ಲಿ ಇದರ ಖರ್ಚು ನೀವು ಇಟ್ಟ ಠೇವಣಿಯಿಂದಲೇ ಮುರಿದುಕೊಳ್ಳುತ್ತದೆ. ಬಿಡಿಸಲು ಮುಳುಗುಗಾರರನ್ನು ಕರೆಯಬೇಕು, ಅದಕ್ಕೆ ಬೇರೆ ದುಡ್ಡು.

ಇದಕ್ಕೆ ಉಪಾಯವಿದೆ, ಕಷ್ಟದ್ದಲ್ಲ. ಲಂಗರಿನ ತಲೆಯ ತೂತಿಗೆ, ಸರಪಳಿ ಕಟ್ಟುವ ಕಡೆಗಲ್ಲ, ಅದರ ಎದುರು ತುದಿಗೆ 8 ಮಿಲಿಮೀಟರ್ ಹಗ್ಗ ಕಟ್ಟಿ. ಸಿಕ್ಕಿಕೊಂಡಾಗ ಈ ಹಗ್ಗ ಎಳೆದರೆ ಲಂಗರು ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತದೆ. ಎಲ್ಲರೂ ಹೇಳುವಂತೆ ಇದರ ತುದಿಗೆ ತೇಲುಬುರುಡೆ ಕಟ್ಟಿ ನೀರಿನ ಮೇಲೆ ಬಿಡಬೇಡಿ. ಇಷ್ಟು ಕಿಕ್ಕಿರಿದ ಜಾಗದಲ್ಲಿ ಯಾರದಾದರೂ ಪ್ರೊಪೆಲ್ಲರಿಗೆ ಅದು ಸುತ್ತಿಕೊಳ್ಳುವುದು ಖಂಡಿತ. ನೀರಿನ ಆಳಕ್ಕಿಂತ ಮೂರು ನಾಲ್ಕು ಮೀಟರ್ ಹೆಚ್ಚು ಉದ್ದದ ಹಗ್ಗ ತೆಗೆದುಕೊಂಡು ಅದರ ಇನ್ನೊಂದು ತುದಿಯನ್ನು ನಿಮ್ಮ ಸರಪಳಿಗೇ ಕಟ್ಟಿಬಿಡಿ. ಸರಪಳಿ ಎಳೆಯುತ್ತ ಬಂದಾಗ ಹಗ್ಗದ ತುದಿ ತಾನೇ ಕೈಗೆ ಸಿಗುತ್ತದೆ.

ಹಳೆ ಸರಪಳಿ ತಪ್ಪಿಸಿಕೊಂಡರೂ ಪಕ್ಕದವರ ಲಂಗರು ನಿಮ್ಮ ಸರಪಳಿಯ ಮೇಲೆ ಬಿದ್ದಿರುವುದು ಇಲ್ಲಿ ತೀರ ಸಾಮಾನ್ಯ. ಆಗ ನಿಮ್ಮ ಲಂಗರನ್ನು ನೀರಿನ ಮಟ್ಟಕ್ಕೆ ಎತ್ತಿ, ಅದರ ಮೇಲೆ ಕೂತಿರುವ ಅವರ ಸರಪಳಿಯ ಕೆಳಗಿಂದ ಒಂದು ಹಗ್ಗ ಹಾಯಿಸಿ, ಎರಡೂ ತುದಿಯನ್ನು ನಿಮ್ಮ ಮುಂಭಾಗದ ಕ್ಲೀಟಿಗೆ (ಹಗ್ಗ ಕಟ್ಟುವ ಗೂಟ) ಕಟ್ಟಿ. ಈಗ ಅವರ ಸರಪಳಿಯ ಭಾರ ಹಗ್ಗದ ಮೇಲಿದೆ. ನಿಮ್ಮ ಲಂಗರನ್ನು ಒಂದು ಮೀಟರ್ ಕೆಳಗೆ ಬಿಟ್ಟರೆ ಅದು ಕಳಚಿಕೊಳ್ಳುತ್ತದೆ, ಅದನ್ನು ಎತ್ತಿಕೊಂಡು ಹಗ್ಗದ ಒಂದು ತುದಿ ಬಿಡಿ. ಬರಿಗೈಯಲ್ಲಿ ಸರಪಳಿ ಹಿಡಿದು ಎಳೆಯುವ ಸಾಹಸ ಬೇಡ, ಬೆರಳು ಹೋಗುತ್ತದೆ.

ಅದೇ ಹಾರ್ಬರ್‌ನ ಬಾಯಲ್ಲಿರುವ ಫ್ರೀಮನ್ಸ್ ಬೇಯಲ್ಲಿ ಲಂಗರು ಹಾಕಬಹುದಲ್ಲ ಎಂದು ಕೇಳುತ್ತಾರೆ. ನೀರು ಚೆನ್ನ, ಈಜಲು ಹೇಳಿಮಾಡಿಸಿದ ಜಾಗ. ಆದರೆ ಗುಡ್ಡಗಳ ನಡುವೆ ಗಾಳಿ ಸುತ್ತುತ್ತದೆ; ರಾತ್ರಿ ಒಂದೊಂದು ದೋಣಿ ಒಂದೊಂದು ದಿಕ್ಕಿಗೆ ತಿರುಗಿ ನಿಂತು ಪಕ್ಕದವರ ಬಾಗಿಲು ತಟ್ಟುತ್ತದೆ. ಹಗಲಿಗೆ ಸರಿ, ರಾತ್ರಿಗೆ ಬೇಡ.

ಈಗ ಫಾಲ್ಮತ್. ವಿಶಾಲವಾದ ಕೊಲ್ಲಿ, ಗಾಳಿ ಪೂರ್ವದಿಂದ ಒಂದೇ ಸಮ. ಎಲ್ಲ ದೋಣಿಗಳೂ ಒಂದೇ ಕಡೆ ಮುಖಮಾಡಿ ನಿಲ್ಲುವುದರಿಂದ ನಿದ್ದೆ ಬರುತ್ತದೆ. ಒಳಗೆ ಬರುವಾಗ ಒಂದೇ ಎಚ್ಚರ: ಪ್ರವೇಶದ ಬಲಗಡೆ ಬಿಷಪ್ ಶೋಲ್ ಎಂಬ ಬಂಡೆಗುಡ್ಡೆ ನೀರಿನ ಕೆಳಗಿದೆ, ಅಲೆ ಎದ್ದಾಗ ಅಲ್ಲಿ ನೊರೆ ಒಡೆಯುವುದು ಕಾಣುತ್ತದೆ, ಗುರುತಿಗೆ ಕೆಂಪು ಬೋಯಾ (ತೇಲುವ ಗುರುತು) ಇದೆ. ನಮ್ಮ ಮಂಗಳೂರು, ಕಾರವಾರದ ಕಡೆ ಬಂದರಿಗೆ ಬರುವಾಗ ಕೆಂಪು ಎಡಕ್ಕಿರಬೇಕು. ಕೆರಿಬಿಯನ್‌ನಲ್ಲಿ ಅದು ತಿರುಗುಮುರುಗು, ಕೆಂಪು ಬಲಕ್ಕೆ. ಭಾರತದಲ್ಲಿ ಅಥವಾ ಯುರೋಪಿನಲ್ಲಿ ಕಲಿತವರ ಕೈ ತನ್ನಷ್ಟಕ್ಕೇ ತಪ್ಪು ಕಡೆಗೆ ತಿರುಗುತ್ತದೆ. ಚುಕ್ಕಾಣಿಯ ಪಕ್ಕ ಒಂದು ಚೀಟಿ ಅಂಟಿಸಿಕೊಳ್ಳಿ, ಮೊದಲ ಸಲ ಕತ್ತಲಲ್ಲಿ ಬರಬೇಡಿ.

ತಳದಲ್ಲಿ ಕೆಲವೆಡೆ ಮರಳು, ಕೆಲವೆಡೆ ಕೆಸರು, ಅಲ್ಲಲ್ಲಿ ಕಡಲಹುಲ್ಲು. ನೀರು ಕಪ್ಪಾಗಿ ಕಂಡರೆ ಹುಲ್ಲು, ತಿಳಿಯಾಗಿ ಕಂಡರೆ ಮರಳು. ಮರಳಿನ ಮೇಲೆಯೇ ಬಿಡಿ. 4 ಮೀಟರ್ ಆಳ, ಅದಕ್ಕೆ ದೋಣಿಯ ಮೂತಿಯ ಎತ್ತರ 1.2 ಮೀಟರ್ ಸೇರಿಸಿ. ಐದು ಪಟ್ಟು ಲೆಕ್ಕಕ್ಕೆ 26 ಮೀಟರ್ ಸರಪಳಿ. ಕ್ರಿಸ್‌ಮಸ್ ಆಸುಪಾಸಿನ ಜೋರು ಗಾಳಿಗೆ ಏಳು ಪಟ್ಟು, 36 ಮೀಟರ್. ಸಮುದ್ರದ ಉಬ್ಬರವಿಳಿತ ಸುಮಾರು 30 ಸೆಂಟಿಮೀಟರ್ ಮಾತ್ರ, ಲೆಕ್ಕಕ್ಕೆ ಬೇಡ. ಸರಪಳಿ ಬಿಟ್ಟಮೇಲೆ ಎಂಜಿನ್ನನ್ನು ಹಿಮ್ಮುಖದಲ್ಲಿ ನಿಧಾನಕ್ಕೆ ಏರಿಸುತ್ತ ಅರ್ಧ ನಿಮಿಷ ಎಳೆದು, ದಡದ ಎರಡು ಗುರುತುಗಳು ಕದಲುತ್ತವೆಯೇ ನೋಡಿ. ಕದಲದಿದ್ದರೆ ಸರಪಳಿಗೆ ಸ್ನಬ್ಬರ್, ಅಂದರೆ ಎಳೆತ ಹೀರಿಕೊಳ್ಳುವ ಹಿಗ್ಗುವ ಹಗ್ಗ, ಕಟ್ಟಿ. ಅದಿಲ್ಲದೆ ಸರಪಳಿಯ ಜಗ್ಗಾಟವನ್ನೆಲ್ಲ ವಿಂಡ್‌ಲಾಸ್ ತಿನ್ನಬೇಕಾಗುತ್ತದೆ. ಇಷ್ಟೂ ಕೆಲಸ ಇಬ್ಬರಿಂದ ಆರಾಮಾಗಿ ಆಗುತ್ತದೆ, ತಪ್ಪಾದರೆ ಬಡಿಯಲು ಪಕ್ಕದಲ್ಲಿ ಕಲ್ಲಿಲ್ಲ.

ಫಾಲ್ಮತ್‌ನ ಕೊರತೆ ಡಿಂಗಿ. ಗಾಳಿಗೆದುರಾಗಿ ಹೋಗುವಾಗ ಬಟ್ಟೆ ಒದ್ದೆಯಾಗುವುದು ಖಚಿತ, ಪಾಸ್‌ಪೋರ್ಟ್ ಮತ್ತು ಫೋನಿಗೆ ನೀರು ಹೋಗದ ಚೀಲ ಇರಲಿ. ಎಂಜಿನ್ ನಿಲ್ಲಿಸುವ ಕೆಂಪು ದಾರವನ್ನು ಓಡಿಸುವವರು ಮಣಿಕಟ್ಟಿಗೆ ಕಟ್ಟಿಕೊಳ್ಳಲೇಬೇಕು. ದಡದಲ್ಲಿ ಉಕ್ಕಿನ ಕೇಬಲ್‌ನಿಂದ ಬೀಗ ಹಾಕಿ. ರಾತ್ರಿ ದೋಣಿಯ ಪಕ್ಕಕ್ಕೆ ಎತ್ತಿ ಕಟ್ಟಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಡಿಂಗಿ ಹತ್ತಿ ಇಳಿಯುವುದು ನಿಜವಾಗಿ ಕಷ್ಟ. ಅವರಿಗಾಗಿ ಫಾಲ್ಮತ್‌ನ ಮರೀನಾಗಳಲ್ಲಿ (ದುಡ್ಡು ಕೊಟ್ಟು ದೋಣಿ ಕಟ್ಟುವ ದಕ್ಕೆಗಳು) ಜಾಗ ಕೇಳಬಹುದು. ಡಿಸೆಂಬರ್‌ನಲ್ಲಿ ಮತ್ತು ಏಪ್ರಿಲ್‌ನ ರೆಗಾಟಾ (ಹಾಯಿದೋಣಿ ಪಂದ್ಯ) ದಿನಗಳಲ್ಲಿ ಮಾತ್ರ ದೊಡ್ಡ ದೊಡ್ಡ ಯಾಟ್‌ಗಳು ಎಲ್ಲವನ್ನೂ ತುಂಬಿಬಿಡುತ್ತವೆ.

ಜಾಲಿ ಹಾರ್ಬರ್‌ನಲ್ಲಿ ಚರಿತ್ರೆ ಇಲ್ಲ, ಸೌಕರ್ಯ ಇದೆ. ಬೋಯಾ ಹಾಕಿದ ಕಾಲುವೆಯಲ್ಲಿ ಒಳಗೆ ಹೋದರೆ ಅಲೆ ತಾಗದ ಮರೀನಾ, ಲಂಗರಿನ ಗೋಜಿಲ್ಲದೆ ಹಗ್ಗದಲ್ಲೇ ಕಟ್ಟುವ ಬೆರ್ತ್. ನಡೆದು ಹೋಗುವಷ್ಟು ಹತ್ತಿರ ದೊಡ್ಡ ಸೂಪರ್‌ಮಾರ್ಕೆಟ್, ದೋಣಿ ಸಾಮಾನಿನ ಅಂಗಡಿ, ದೋಣಿ ಎತ್ತುವ ಯಾರ್ಡ್. ಹೊರಗಿನ ಕೊಲ್ಲಿ ಹಾಲುನೀಲಿ, ಆದರೆ ಆಳ ಕಡಿಮೆ. 2 ಮೀಟರ್ ಬೇಡುವ ದೋಣಿ ದಡದಿಂದ ದೂರವೇ ನಿಲ್ಲಬೇಕು, ಕ್ಯಾಟಮರಾನ್ ಒಳಗೆ ಬರಬಹುದು. ಮರೀನಾದೊಳಗೆ ಗಾಳಿ ಆಡುವುದಿಲ್ಲ. ಸಂಜೆ ಸೊಳ್ಳೆ, ಕಣ್ಣಿಗೆ ಕಾಣದ ಮರಳುನೊಣ. ಕಿಟಕಿಗೆ ಜಾಲರಿ ಇಲ್ಲದ ದೋಣಿಯಲ್ಲಿ ಎರಡನೇ ರಾತ್ರಿ ಬೇಡವೆನಿಸುತ್ತದೆ. ವಿದ್ಯುತ್ 60 ಹರ್ಟ್ಸ್; ಯುರೋಪಿನಲ್ಲಿ ಕಟ್ಟಿದ ದೋಣಿಯ ಎ.ಸಿ. ಅದಕ್ಕೆ ಹೊಂದುತ್ತದೆಯೇ ಎಂದು ಕೇಳಿ ಆಮೇಲೆ ಪ್ಲಗ್ ಹಾಕಿ.

ನೀರಿನ ಮಾತು ಬೇರೆಯೇ ಹೇಳಬೇಕು. ಆಂಟಿಗಾದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಬರಗಾಲ ಹೊಸದಲ್ಲ, ಕುಡಿಯುವ ನೀರಿನ ಬಹುಪಾಲು ಸಮುದ್ರದ ಉಪ್ಪು ತೆಗೆದು ಬರುತ್ತದೆ. ದಕ್ಕೆಯ ನಲ್ಲಿಗೆ ಮೀಟರ್ ಇರುತ್ತದೆ, ಅಳೆದು ದುಡ್ಡು. ತಲೆಗೆ ದಿನಕ್ಕೆ 18 ಲೀಟರ್ ಹಿಡಿದರೂ ನಾಲ್ವರಿಗೆ ಏಳು ದಿನಕ್ಕೆ 500 ಲೀಟರ್ ದಾಟುತ್ತದೆ. ಅನ್ನ, ಸಾರು, ಪಲ್ಯ ಮಾಡಿ ಪಾತ್ರೆ ತೊಳೆಯುವ ನಮ್ಮ ಅಡುಗೆಗೆ ಅದೂ ಬಿಗಿಯೇ. ಪಾತ್ರೆಯನ್ನು ಮೊದಲು ಸಮುದ್ರದ ನೀರಲ್ಲಿ ಉಜ್ಜಿ, ಕೊನೆಗೆ ಮಾತ್ರ ಸಿಹಿನೀರು ಹಾಯಿಸಿ. ಆದರೆ ಹಾರ್ಬರ್‌ನ ಒಳಗಿನ ನೀರಲ್ಲಿ ಈ ಕೆಲಸ ಬೇಡ, ಹೊರಗೆ ಹೋದಾಗ ಮಾಡಿ. ಅಕ್ಕಿ, ಬೇಳೆ, ಕುಂಬಳ, ಬೆಂಡೆ, ತೆಂಗಿನಕಾಯಿ ಅಲ್ಲಿ ಸಿಗುತ್ತವೆ. ಸಾರಿನ ಪುಡಿ, ಅವಲಕ್ಕಿ ಮನೆಯಿಂದ.

ಖರ್ಚಿನಲ್ಲಿ ಫಾಲ್ಮತ್ ಗೆಲ್ಲುತ್ತದೆ. ಫಾಲ್ಮತ್, ಇಂಗ್ಲಿಷ್ ಎರಡು ಹಾರ್ಬರ್‌ಗಳೂ ರಾಷ್ಟ್ರೀಯ ಉದ್ಯಾನದೊಳಗಿವೆ, ಹಾಗಾಗಿ ಲಂಗರಿನಲ್ಲಿ ನಿಂತರೂ ದೋಣಿಯ ಉದ್ದದ ಲೆಕ್ಕದಲ್ಲಿ ಶುಲ್ಕ ಕೊಡಬೇಕು. ದಕ್ಕೆಗೆ ಕಟ್ಟಿದರೆ ಅದರ ಮೇಲೆ ಬೆರ್ತ್, ನೀರು, ಕರೆಂಟು ಬೇರೆ ಬೇರೆ. ಬೆಲೆ ಹೇಳಿದಾಗ ಯಾವ ಡಾಲರ್ ಎಂದು ಕೇಳಿ. ಪೂರ್ವ ಕೆರಿಬಿಯನ್ ಡಾಲರ್ 2.70 ಕೊಟ್ಟರೆ ಒಂದು ಅಮೆರಿಕನ್ ಡಾಲರ್. ದಕ್ಷಿಣದ ದ್ವೀಪ ಗ್ವಾಡಲೂಪ್ ಕಡೆಯಿಂದ ಬರುವವರು ಇಂಗ್ಲಿಷ್ ಹಾರ್ಬರ್‌ನಲ್ಲಿ ಅಥವಾ ಜಾಲಿಯಲ್ಲಿ ಕಸ್ಟಮ್ಸ್ ಮುಗಿಸಬಹುದು. ಅದು ಮುಗಿಯುವವರೆಗೆ ಹಳದಿ ಬಾವುಟ ಏರಿಸಿ, ಕ್ಯಾಪ್ಟನ್ ಒಬ್ಬರೇ ಇಳಿಯಬೇಕು.

ರಾತ್ರಿ ಹತ್ತಕ್ಕೆ ಮಲಗುವ, ದೋಣಿಯಲ್ಲೇ ಅಡುಗೆ ಮಾಡುವ, ಬೆಳಿಗ್ಗೆ ಬಿಸಿಲೇರುವ ಮುಂಚೆ ಡಾಕ್‌ಯಾರ್ಡ್ ಸುತ್ತಿ ಬರುವ ನನ್ನಂಥವರಿಗೆ ಫಾಲ್ಮತ್ ಸರಿ. ಆರು ಜನ ಗಟ್ಟಿಮುಟ್ಟಾದವರಿದ್ದು, ರಾತ್ರಿಯೆಲ್ಲ ದಡದಲ್ಲೇ ಕಳೆಯುವವರಾದರೆ ಡಾಕ್‌ಯಾರ್ಡಿನ ದಕ್ಕೆಗೆ ದುಡ್ಡು ಕೊಡಿ, ಮೇಲಿನ ಹಗ್ಗದ ಉಪಾಯ ಮರೆಯಬೇಡಿ. ಕ್ರಿಕೆಟ್ ಹುಚ್ಚಿನವರು ಒಂದು ದಿನ ರಾಜಧಾನಿ ಸೇಂಟ್ ಜಾನ್ಸ್‌ಗೆ ಮೀಸಲಿಡಲಿ. 2002ರ ಮೇ ತಿಂಗಳಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಸತತ 14 ಓವರ್ ಎಸೆದು ಲಾರಾರನ್ನು ಔಟ್ ಮಾಡಿದ ಆಂಟಿಗಾ ರಿಕ್ರಿಯೇಷನ್ ಗ್ರೌಂಡ್ ಅಲ್ಲೇ ಊರೊಳಗಿದೆ. ಇಂಗ್ಲಿಷ್ ಹಾರ್ಬರ್‌ನಿಂದ 17ನೇ ನಂಬರಿನ ಬಸ್ಸು ಹೋಗುತ್ತದೆ.

ಬಾಡಿಗೆ ದೋಣಿ ಜಾಲಿಯಲ್ಲಿ ಕೈಗೆ ಸಿಗುವುದಾದರೆ ಮೊದಲ ರಾತ್ರಿ ಅಲ್ಲೇ ನಿಂತು ನೀರು ದಿನಸಿ ತುಂಬಿಸಿ, ಮರುದಿನ ಗಾಳಿ ಏರುವ ಮುಂಚೆ ಬೆಳಿಗ್ಗೆ ಬೇಗ ಹೊರಡಿ. ಫಾಲ್ಮತ್‌ವರೆಗೆ ಗಾಳಿಯೂ ಅಲೆಯೂ ಎದುರಿಗೇ, ಎಂಜಿನ್ ಸಹಾಯ ಬೇಕಾಗುತ್ತದೆ, ಅರ್ಧ ದಿನ ಇಟ್ಟುಕೊಳ್ಳಿ. ನಡುವೆ ಸಿಗುವ ಹವಳದ ದಿಬ್ಬ ಕೇಡ್ಸ್ ರೀಫ್‌ನ ಒಳಗಿನ ದಾರಿ ಸೂರ್ಯ ನೆತ್ತಿಯ ಮೇಲಿದ್ದು ಹವಳದ ಬಣ್ಣ ಕಾಣುವಾಗ ಮಾತ್ರ. ಬೆಳಗ್ಗೆ ಬಿಸಿಲು ಕಣ್ಣಿಗೆ ಹೊಡೆಯುವುದರಿಂದ ಹೋಗುವಾಗ ರೀಫ್‌ನ ಹೊರಗಿನಿಂದಲೇ ಸುತ್ತಿ. ವಾಪಸು ಬರುವಾಗ ಗಾಳಿ ಬೆನ್ನಿಗಿರುತ್ತದೆ, ಮುಂದಿನ ಹಾಯಿ ಒಂದೇ ಸಾಕು.