ಮರಸೇಬಿನ ಕಸಿ ಸಸಿ ಅಂತ ಗಾಡಿ ಬಂದರೆ ದುಡ್ಡು ಕೊಡಬೇಡಿ

ಹೊಳಲ್ಕೆರೆ, ಹೊಸದುರ್ಗ ಕಡೆಯವರು ದಯವಿಟ್ಟು ಓದಿ. ಮರಸೇಬಿನ ಕಸಿ ಸಸಿ ಅಂತ ಗೂಡ್ಸ್ ಗಾಡಿಯಲ್ಲಿ ತುಂಬಿಕೊಂಡು ಊರೂರಿಗೆ ಬರುತ್ತಿದ್ದಾರೆ. ತಗೊಳ್ಳಬೇಡಿ. ಅಡಿಕೆ ತೋಟದ ಪಕ್ಕದ ಅರ್ಧ ಎಕರೆಗೆ ನಾನು ತಗೊಂಡೆ. ಸಸಿಗೆ 450 ರೂಪಾಯಿ.

"ಬಾರ್ಟ್ಲೆಟ್ ತಳಿ ಅಣ್ಣ, ಬೇಸಿಗೆ ಮರಸೇಬು. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. ಎರಡನೇ ವರ್ಷಕ್ಕೆ ಕಾಯಿ" ಅಂದ ಗಾಡಿಯವನು. ಕಾಯಿ ಜೋತುಬಿದ್ದ ಮರದ ವಿಡಿಯೊ ಬೇರೆ ತೋರಿಸಿದ. ಎಂಥಾ ಸುಳ್ಳು! ಬಾರ್ಟ್ಲೆಟ್ ಹಿಮಾಚಲ, ಕಾಶ್ಮೀರದಲ್ಲಿ ಬೆಳೆಯುವಂಥದ್ದು. ಅಲ್ಲಿ ಜುಲೈ-ಆಗಸ್ಟ್‌ಗೆ ಹಣ್ಣಾಗುತ್ತದೆ, ಬೇಸಿಗೆ ಮರಸೇಬು ಅನ್ನುವುದು ಅದಕ್ಕೇ. ಆದರೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ಸುಮಾರು 800 ಗಂಟೆ ಸಿಗಬೇಕು. ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಚಿತ್ರದುರ್ಗದಲ್ಲಿ ಡಿಸೆಂಬರ್ ರಾತ್ರಿಯೂ 15 ಡಿಗ್ರಿ ಆಸುಪಾಸು ಇರುತ್ತದೆ. ಕಾಯಿ ಎಲ್ಲಿಂದ ಬರಬೇಕು? ಪರಾಗಕ್ಕೆ ಪಕ್ಕದಲ್ಲಿ ಬೇರೆ ತಳಿಯೂ ಬೇಕು. ಆ ಮಾತೇ ಎತ್ತಲಿಲ್ಲ ಅವನು.

ಅದೂ ಹೋಗಲಿ. ಸಸಿ ಚೆನ್ನಾಗಿ ಚಿಗುರಿತು. ಫೋಟೊ ಕಳಿಸಿದರೆ "ಸೂಪರ್ ಅಣ್ಣ" ಅಂತ ಉತ್ತರ. ಆಮೇಲೆ ಕಳೆ ತೆಗೆಸುವಾಗ ಬುಡ ನೋಡಿದೆ. ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಹಾಗೇ ಇದೆ, ಅದರ ಮೇಲಿನ ಕಡ್ಡಿ ಒಣಗಿ ಕಪ್ಪಾಗಿದೆ. ಉಗುರಿನಿಂದ ಕೆರೆದೆ, ಒಳಗೆ ಒಂಚೂರೂ ಹಸಿರಿಲ್ಲ. ಚಿಗುರೆಲ್ಲ ಪಟ್ಟಿಯ ಕೆಳಗಿಂದ, ಕಸಿ ಕಟ್ಟಲು ಬಳಸಿದ ಕಾಡು ಬೇರುಗಿಡದ್ದು, ಮುಳ್ಳು ಮುಳ್ಳು. ಪಕ್ಕದ್ದು ನೋಡಿದೆ, ಅದೂ ಹಾಗೇ. ಸಾಲಿಡೀ ಹಾಗೇ! ಬೋರ್‌ವೆಲ್ ನೀರನ್ನು ಅಡಿಕೆಗೆ ಕಡಿಮೆ ಮಾಡಿ ಈ ಕಾಡುಗಿಡಕ್ಕೆ ಬಿಟ್ಟಿದ್ದೆ. ಮೈಯೆಲ್ಲ ಉರಿದುಹೋಯಿತು. ಕೆಲಸದವರ ಮುಂದೆ ತಲೆ ಎತ್ತಲು ಆಗಲಿಲ್ಲ.

ಫೋನ್ ಮಾಡಿದೆ. "ನೀರು ಜಾಸ್ತಿ ಆಗಿದೆ ಅಣ್ಣ." ಡ್ರಿಪ್ ಅಂದೆ. "ಹಾಗಾದರೆ ಕಮ್ಮಿ ಆಗಿದೆ." ಕಸಿ ಸತ್ತಿದೆಯಲ್ಲಪ್ಪ ಅಂದೆ. "ಕೆಳಗಿನದೂ ಮರಸೇಬಿನ ಜಾತಿನೇ, ಬಿಡಿ, ಅದೂ ಕಾಯಿ ಬಿಡುತ್ತೆ" ಅಂದನಲ್ಲ, ಎಷ್ಟು ಧೈರ್ಯ ಇರಬೇಕು! ದುಡ್ಡು ಕೇಳಿದ್ದಕ್ಕೆ "ಬಿಲ್ ಕಳಿಸಿ ನೋಡೋಣ" ಅಂದ. ಬಿಲ್ ಆಮೇಲೆ ಕಳಿಸುತ್ತೇನೆ ಅಂದವನು ಅವನೇ! ಈಗ ನನ್ನ ನಂಬರ್ ಬ್ಲಾಕ್.

ಹೊಸ ಹಣ್ಣಿನ ಗಿಡ ಏನೇ ಇರಲಿ, ಮೊದಲು ಹಿರಿಯೂರಿನ ಬಬ್ಬೂರು ಫಾರಂ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ತಳಿ ಹೆಸರು ಬರೆದ ಬಿಲ್ ಕೈಗೆ ಬರದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಚಿಗುರು ಕಸಿ ಗಂಟಿನ ಮೇಲಿಂದ ಬಂದಿದೆಯಾ ಅಂತ ಪ್ರತಿ ಸಸಿಯನ್ನೂ ನೋಡಿ.

ಅದೇ ಗಾಡಿ ಈಗ ಜಗಳೂರು ಕಡೆ ಓಡಾಡುತ್ತಿದೆಯಂತೆ. ಅಲ್ಲಿ ನಿಮ್ಮ ನೆಂಟರು, ಸ್ನೇಹಿತರು ಇದ್ದರೆ ಇವತ್ತೇ ತಿಳಿಸಿ.