ದಲ್ಲಾಳಿಯಿಲ್ಲದ ಬಾಡಿಗೆ ಮನೆ: ಬೆಂಗಳೂರಿನಲ್ಲಿ ಒಂದು ಆ್ಯಪ್‌ನ ನಾಲ್ಕು ವರ್ಷಗಳ ಬಳಕೆ

ಮಾಲೀಕರನ್ನೂ ಬಾಡಿಗೆದಾರರನ್ನೂ ದಲ್ಲಾಳಿಯಿಲ್ಲದೆ ನೇರವಾಗಿ ಸೇರಿಸುವುದಾಗಿ ಹೇಳಿಕೊಳ್ಳುವ ಒಂದು ಆ್ಯಪ್‌ನ ಮೂಲಕ 2021ರಿಂದ ಈಚೆಗೆ ನಾನು ಎರಡು ಮನೆಗಳನ್ನು ಹಿಡಿದಿದ್ದೇನೆ. ಮೊದಲನೆಯದು ಯಲಚೇನಹಳ್ಳಿಯಲ್ಲಿತ್ತು, ಎರಡನೆಯದು, ಈಗ ನಾವಿರುವುದು, ತುಮಕೂರು ರಸ್ತೆಯ ಚಿಕ್ಕಬಿದರಕಲ್ಲು ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದ ಹೊಸ ಕಟ್ಟಡದಲ್ಲಿದೆ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ತೆರುವ ವಾಡಿಕೆಗೆ ಹೋಲಿಸಿದರೆ ಆ್ಯಪ್‌ಗೆ ಕಟ್ಟಿದ ಶುಲ್ಕ ಕಡಿಮೆಯೇ, ಆದ್ದರಿಂದ ಹಣದ ವಿಷಯದಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು ಅದು ಮಾಲೀಕರನ್ನು ಕೇಳದೆ ಬಿಡುವ ಪ್ರಶ್ನೆಗಳ ಬಗ್ಗೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬಡಾವಣೆಯ ಹೆಸರಿನ ಬದಲು ಮೆಟ್ರೊ ನಿಲ್ದಾಣವನ್ನು ಕೇಂದ್ರವಾಗಿಟ್ಟು ಹುಡುಕುವ ಸೌಲಭ್ಯವೇ ನಮ್ಮ ಕೈಗೆಟುಕುವ ಮನೆಯನ್ನು ತೋರಿಸಿಕೊಟ್ಟಿತು. ನಾಗಸಂದ್ರದಲ್ಲಿ ಮುಗಿಯುತ್ತಿದ್ದ ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಮುಂದುವರಿದಾಗ, ಮಧ್ಯದ ನಿಲ್ದಾಣಗಳ ಸುತ್ತಲಿನ ಬಾಡಿಗೆ ಇನ್ನೂ ಏರಿರಲಿಲ್ಲ. ನಾವು ನೋಡಿದ ಎರಡು ಕೋಣೆಯ ಮನೆಗಳಲ್ಲಿ ನಾಗಸಂದ್ರಕ್ಕೂ ಅದರ ಮುಂದಿನ ನಿಲ್ದಾಣಗಳಿಗೂ ತಿಂಗಳಿಗೆ ಮೂರು ನಾಲ್ಕು ಸಾವಿರ ರೂಪಾಯಿಯ ಅಂತರವಿತ್ತು. ನಿಲ್ದಾಣ ತೆರೆಯುವ ಮೊದಲೇ ಅದರ ಬೆಲೆ ಕೇಳುವವರೂ ಇದ್ದಾರೆನ್ನಿ: ಹಳದಿ ಮಾರ್ಗ ಸಂಚಾರಕ್ಕೆ ತೆರೆದದ್ದು 2025ರ ಆಗಸ್ಟ್‌ನಲ್ಲಿ, ಆದರೆ ಬೊಮ್ಮಸಂದ್ರದ ಕಡೆಯ ಜಾಹೀರಾತುಗಳಲ್ಲಿ 'ಮೆಟ್ರೊ ಪಕ್ಕದಲ್ಲೇ' ಎಂಬ ಸಾಲನ್ನು ನಾನು 2021ರಲ್ಲೇ ಓದಿದ್ದೆ.

'ಹೊಸ ಕಟ್ಟಡ' ಎಂಬ ಆಯ್ಕೆಯನ್ನು ಒತ್ತಿದರೆ ಕಟ್ಟಡದ ವಯಸ್ಸು ತಿಳಿಯುತ್ತದೆ, ಅದರ ಕಾಗದಪತ್ರಗಳ ಸ್ಥಿತಿ ತಿಳಿಯುವುದಿಲ್ಲ. ಸ್ವಾಧೀನಾನುಭವ ಪತ್ರವಿಲ್ಲದ (ಒಪ್ಪಿಗೆಯಾದ ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ, ಒ.ಸಿ.) ಕಟ್ಟಡಗಳಿಗೆ ವಿದ್ಯುತ್ ಮತ್ತು ನೀರಿನ ಕಾಯಂ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಸಣ್ಣ ನಿವೇಶನಗಳಲ್ಲಿ ನಾಲ್ಕು ಮಹಡಿ ಎಬ್ಬಿಸಿದ ಎಷ್ಟೋ ಮಾಲೀಕರು ತಾತ್ಕಾಲಿಕ ಸಂಪರ್ಕದಲ್ಲೇ ಮನೆಗಳನ್ನು ಬಾಡಿಗೆಗೆ ಬಿಟ್ಟಿದ್ದರು. ತಾತ್ಕಾಲಿಕ ಸಂಪರ್ಕದ ದರ ಗೃಹಬಳಕೆಯ ದರಕ್ಕಿಂತ ಹೆಚ್ಚು, ಗೃಹಜ್ಯೋತಿಯ ಇನ್ನೂರು ಯೂನಿಟ್‌ಗಳ ಲಾಭವೂ ಅದಕ್ಕಿಲ್ಲ. ನಮಗೆ ಬಹಳ ಹಿಡಿಸಿದ್ದ ಒಂದು ಮನೆಯಲ್ಲಿ ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆಯನ್ನು ತೆರೆದು ನೋಡಿದಾಗ ಆರು ಮನೆಗಳಿಗೆ ಒಂದೇ ಮೀಟರ್ ಇತ್ತು. ಬಿಲ್ಲನ್ನು 'ಸಮನಾಗಿ ಹಂಚಿಕೊಳ್ಳೋಣ' ಎಂದು ಮಾಲೀಕರು ನಗುತ್ತಾ ಹೇಳಿದರು. ಜಾಹೀರಾತಿನಲ್ಲಿ ಈಜುಕೊಳ ಉಂಟೇ ಇಲ್ಲವೇ ಎಂಬುದಕ್ಕೂ ಒಂದು ಚೌಕವಿದೆ, ಮೀಟರ್ ಬೇರೆಯೇ ಎಂಬುದಕ್ಕಿಲ್ಲ.

ನೀರಿನದೂ ಇದೇ ಕತೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿಪಡಿಸಬೇಕಾದ ಸ್ಥಿತಿ ಬಂದ ನಂತರವೂ, ಆ್ಯಪ್‌ನಲ್ಲಿ ಮಾಲೀಕರು ತುಂಬುವುದು '24 ಗಂಟೆ ನೀರು' ಎಂಬ ಒಂದೇ ಉತ್ತರ. ಆದ್ದರಿಂದ ಮನೆ ನೋಡಲು ಹೋದಾಗ ನನ್ನ ಹೆಂಡತಿ ನೇರವಾಗಿ ಬಚ್ಚಲಿಗೆ ಹೋಗಿ ನಲ್ಲಿಯ ಬುಡವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು. ಒಂದೇ ವರ್ಷದ ಕಟ್ಟಡದಲ್ಲಿ ಸುಣ್ಣದಂಥ ಬಿಳಿ ಪುಡಿ ಉದುರಿದರೆ ಅಲ್ಲಿ ಕಾವೇರಿಯೂ ಇಲ್ಲ, ನೀರು ಮೃದುಗೊಳಿಸುವ ಯಂತ್ರವೂ ಇಲ್ಲ ಎಂದು ಲೆಕ್ಕ. ಟ್ಯಾಂಕರ್ ಖರ್ಚು ನಿರ್ವಹಣಾ ಶುಲ್ಕದೊಳಗೆ ಬರುತ್ತದೆಯೋ, ಬೇರೆಯೋ ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳುವುದನ್ನು ನಾವು ಯಲಚೇನಹಳ್ಳಿಯಲ್ಲಿ ಕೈಸುಟ್ಟುಕೊಂಡು ಕಲಿತೆವು.

ಮುಂಗಡದ ವಿಷಯದಲ್ಲಿ ಆ್ಯಪ್‌ನಿಂದ ಯಾವ ನೆರವೂ ಇಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮುಂಗಡದ ಮಿತಿ ಸೂಚಿಸಿದ್ದರೂ, ಬೆಂಗಳೂರಿನಲ್ಲಿ ಹತ್ತು ತಿಂಗಳೆನ್ನುವುದು ಇನ್ನೂ ಮಾಮೂಲು ಮಾತು. ನಾವು ಐದಕ್ಕೆ ಒಪ್ಪಿಸಿದ್ದು ನೇರ ಚೌಕಾಸಿಯಿಂದ. ಕರಾರು ಪತ್ರದ ಸೇವೆ ಮಾತ್ರ ಚೆನ್ನಾಗಿದೆ: ಹನ್ನೊಂದು ತಿಂಗಳ ಕರಾರು ಇ-ಸ್ಟಾಂಪ್ ಕಾಗದದಲ್ಲಿ ಎರಡು ದಿನಕ್ಕೆ ಮನೆಗೆ ಬಂತು. ಆದರೆ ಅದರ ಸಿದ್ಧ ಮಾದರಿಯಲ್ಲಿ, ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಕಡಿತ ಎಂಬ ಸಾಲು ಮೊದಲೇ ಅಚ್ಚಾಗಿರುತ್ತದೆ. ಅದನ್ನು 'ವಾಸ್ತವ ಖರ್ಚು, ರಸೀದಿಯೊಂದಿಗೆ' ಎಂದು ತಿದ್ದಿಸಲು ಸಹಾಯವಾಣಿಗೆ ಮೂರು ಬಾರಿ ಕರೆ ಮಾಡಬೇಕಾಯಿತು.

ಹಳೆಯ ಜಾಹೀರಾತುಗಳನ್ನು ತೆಗೆಯದಿರುವುದು ಇನ್ನೊಂದು ದೋಷ, ಅದನ್ನು ನಾವು ಎರಡೂ ಕಡೆಯಿಂದ ಅನುಭವಿಸಿದೆವು. ಹುಡುಕುವಾಗ, ಆಗಲೇ ಬಾಡಿಗೆಗೆ ಹೋಗಿದ್ದ ಮನೆಗಳ ಮಾಲೀಕರನ್ನು ಸಂಪರ್ಕಿಸಲು ಆ್ಯಪ್‌ಗೆ ಕಟ್ಟಿದ ಹಣ ವ್ಯರ್ಥವಾಯಿತು. ಹಿಡಿದ ಮೇಲೆ, ಸಾಮಾನು ಇಳಿಸಿದ ಮೂರನೆಯ ಭಾನುವಾರವೂ ಒಂದು ದಂಪತಿ ನಮ್ಮ ಅಡುಗೆಮನೆಯ ಚಿತ್ರವನ್ನು ಮೊಬೈಲ್‌ನಲ್ಲಿ ಹಿಡಿದು ಬಾಗಿಲು ತಟ್ಟಿದರು. ಕಾಫಿ ಕೊಟ್ಟು, ಹಿಂದಿನ ಬೀದಿಯಲ್ಲಿ ಖಾಲಿಯಿದ್ದ ಇನ್ನೊಂದು ಮನೆಯನ್ನು ತೋರಿಸಿ, ಮೊದಲು ಮೀಟರ್ ಪೆಟ್ಟಿಗೆ ನೋಡಿ ಎಂದು ಹೇಳಿ ಕಳುಹಿಸಿದೆವು.